ತೊಂಬತ್ತೆರಡು ಜೋಡಿ ಕೈ

ಒಂದಾನೊಂದು ಊರಿನಲ್ಲಿ ಒಬ್ಬ ಹುಡುಗಿಯ ಚೊಂಬಿನಿಂದ ಸಾವು ಸುರಿಯಿತಂತೆ. ಈ ಕತೆ ಕಟ್ಟಿದವರು ಇನ್ನೂ ಬದುಕಿದ್ದಾರೆ. ಹುಡುಗಿಗೆ ಈಗ ಹತ್ತು ವರ್ಷ. ಹೆಸರು ಎನೆಲೆಸಿ.

ಮಲಾವಿ ಸರೋವರದ ದಂಡೆಯ ಮ್ಸೆಂಜೆರೆ ಹಳ್ಳಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಫಾಲೆಸಿ ಮೇಡಂ ಶಾಲೆಯ ಹಿಂದೆ ಎರಡು ಹಂಡೆ ನೀರು ಕುದಿಸುತ್ತಿದ್ದಾರೆ. ಒಂದು ಗಂಜಿಗೆ, ಇನ್ನೊಂದು ಆರಿಸಿ ಕೈತೊಳೆಯಲು. ಅವರ ತರಗತಿಯಲ್ಲಿ ತೊಂಬತ್ತಮೂರು ಮಕ್ಕಳು, ಹನ್ನೊಂದು ಪಠ್ಯಪುಸ್ತಕ, ನೆರಳಿಗೊಂದು ಮಾವಿನಮರ. ಹತ್ತೊಂಬತ್ತು ವರ್ಷದಲ್ಲಿ ಮೇಡಂ ಬೆತ್ತ ಹಿಡಿದಿಲ್ಲ. ಇರುವುದು ಒಂದೇ ಕಟ್ಟಳೆ: ಗಂಜಿಗೆ ಮುಂಚೆ ಸರದಿಯ ಮಗು ಎಲ್ಲರ ಕೈಗೂ ನೀರು ಹೊಯ್ಯಬೇಕು.

"ನಿನ್ನೆ ನನ್ನ ಕೈಗೆ ನೀರು ಹುಯ್ದವಳನ್ನ ಇವತ್ತು ಹೊಡೆಯೋಕೆ ಕೈ ಅಷ್ಟು ಸಲೀಸಾಗಿ ಏಳಲ್ಲ ನೋಡಿ. ನಂಗೆ ಗೊತ್ತಿರೋ ಪಾಠ ಅಷ್ಟೇ," ಎನ್ನುತ್ತಾರೆ.

ಕಳೆದ ಮಳೆಗಾಲದಲ್ಲಿ ಕಾಲರಾ ಬಂತು. ಮೊದಲು ಹೋದವಳು ಎನೆಲೆಸಿಯ ತಾಯಿ. ಕಾರಣ ಆಗ ಯಾರಿಗೂ ತಿಳಿದಿರಲಿಲ್ಲ. ಸಾವಿನ ಮನೆಗೆ ಬಂದವರು ಜೋಳದ ಮುದ್ದೆ ನ್ಸಿಮಾ ಉಣ್ಣುವ ಮುನ್ನ ಮನೆಮಗಳು ಅವರ ಕೈಗೆ ನೀರು ಹೊಯ್ದಳು. ಅದು ಮರ್ಯಾದೆ. ನೀರು ಸರೋವರದ್ದು. ವಾರದೊಳಗೆ ಊರಿನಲ್ಲಿ ಹನ್ನೆರಡು ಗುಂಡಿ ತೋಡಿದರು. ತೀರ ಚಿಕ್ಕದು ಸಹಪಾಠಿ ಝಿಯೋನೆಯ ತಮ್ಮನದು.

ಎನೆಲೆಸಿ ಶಾಲೆ ಬಿಟ್ಟಳು. ಕರೆಯಲು ಹೋದ ಮೇಡಂಗೆ ಅವಳ ಅಜ್ಜಿ ಅಂದದ್ದು: "ಕಳಿಸಿ ಏನ್ಮಾಡ್ಲಿ ತಾಯಿ? ಇವಳನ್ನ ಕಂಡ್ರೆ ಮಕ್ಕಳು ಮೂಗು ಮುಚ್ಕೊಂಡು ಓಡ್ತಾವೆ."

"ಕಳಿಸಿ ಅಜ್ಜಿ. ತರಗತಿಯ ಒಂದು ಕೈಯೂ ಬಿಡದಂಗೆ ಇವಳಿಂದ್ಲೇ ನೀರು ಹುಯ್ಯಿಸ್ತೀನಿ. ನನ್ನ ಮಾತು."

ಎನೆಲೆಸಿ ಶಾಲೆಗೆ ಮರಳಿದಳು. ಅವಳ ಸರದಿ ಬಂದು ಇಂದಿಗೆ ಹದಿನೇಳು ದಿನ. ಚೊಂಬು ಮುಂದಿನವರಿಗೆ ಹೋಗಿಲ್ಲ. ಒಲ್ಲದವರು ಹಂಡೆಯ ಬಳಿ ತಾವೇ ತೊಳೆದುಕೊಳ್ಳಬಹುದು. ಗಂಜಿ ಯಾರಿಗೂ ತಪ್ಪುವುದಿಲ್ಲ. ಮೊದಲ ದಿನ ಚಾಚಿದ್ದು ಮೇಡಂ ಕೈಗಳು ಮಾತ್ರ. ಮಕ್ಕಳನ್ನು ಶಾಲೆ ಬಿಡಿಸುತ್ತೇವೆಂದು ಮೂವರು ತಾಯಂದಿರು ಬಂದು ಕೂಗಾಡಿದರು. "ನೀವು ಲೆಕ್ಕ ಕಲಿಸ್ತೀರೋ, ಸ್ನಾನ ಮಾಡಿಸ್ತೀರೋ?" ಎಂದು ಮುಖ್ಯೋಪಾಧ್ಯಾಯರು ಕುಟುಕಿದರು. ಐದನೆಯ ದಿನ ಇಬ್ಬರು ಬಂದರು, ಆಮೇಲೆ ಒಂದಿಡೀ ಸಾಲು. ನಿನ್ನೆಗೆ ತೊಂಬತ್ತೊಂದು ಮಕ್ಕಳು ಕೈ ಒಡ್ಡಿದ್ದಾರೆ. ಉಳಿದವಳು ಝಿಯೋನೆ.

"ಝಿಯೋನೇನ ಯಾವ ಬಾಯಲ್ಲಿ ಬೈಲಿ? ಆ ಸಾವಿನ ಮನೇಲಿ ನಾನೂ ಕೈ ಒಡ್ಡಿದ್ದೆ. ನೀರು ಕುದಿಸಿದ್ರಾ ಅಂತ ಟೀಚರಮ್ಮ ಆದ ನಾನೇ ಕೇಳಲಿಲ್ಲ," ಎಂದು ಮೇಡಂ ಬೆಂಕಿ ಕೆದಕುತ್ತಾರೆ.

ಹತ್ತು ಗಂಟೆ. ಮಕ್ಕಳು ಗಂಜಿಗೆ ಕೂತಿದ್ದಾರೆ. ಝಿಯೋನೆ ಹಂಡೆಯತ್ತ ಹೊರಟವಳು ಎನೆಲೆಸಿಯ ಮುಂದೆ ನಿಲ್ಲುತ್ತಾಳೆ.

"ಕುದ್ಸಿದ್ದಾ?"

"ಹೂಂ."

"ಅವತ್ತು?"

"ಇಲ್ಲ. ಗೊತ್ತಿರ್ಲಿಲ್ಲ ಕಣೇ. ನಮ್ಮನೇಲೂ ಅದನ್ನೇ ಕುಡೀತಿದ್ವಿ."

ಮೇಡಂ ಕೈಯ ಸೌಟು ಅಲ್ಲಾಡುವುದಿಲ್ಲ. ಝಿಯೋನೆ ಒಂದು ಕೈ ಚಾಚುತ್ತಾಳೆ. ನೀರು ಬೀಳುತ್ತದೆ. ಅಳುತ್ತಳುತ್ತಲೇ ಇನ್ನೊಂದನ್ನೂ ಚಾಚುತ್ತಾಳೆ.