ಕರಿಯಮ್ಮನಿಲ್ಲದ ಕಾಗದ

ಅಡುಗೆ ಮನೆಯ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡರೆ ಅದೇ ನನ್ನ ಮೇಜು. ಬೆಳಗಿನ ಕೆಲಸ ಮುಗಿದು, ನಲ್ಲಿಯಲ್ಲಿ ನೀರು ಬಂದು, ಸ್ಟೌವಿಗೆ ಸೀಮೆಎಣ್ಣೆ ಸಿಕ್ಕಿ, ಮಕ್ಕಳು ಜ್ವರವಿಲ್ಲದೆ ಶಾಲೆಗೆ ಹೋಗಿದ್ದಾರೆಂದರೆ, ವೆಂಕಟರಮಣ ಆ ದಿನಕ್ಕೆ ಮಾಡಬೇಕಾದ ಉಪಕಾರವನ್ನೆಲ್ಲ ಮಾಡಿ ಮುಗಿಸಿದ್ದಾನೆಂದು ಕೈಮುಗಿದು, ಆ ಮಣೆಯ ಮೇಲೆ ಹಾಳೆ ಹರವುತ್ತೇನೆ. ಮದುವೆಯಾಗಿ ಮಧುಗಿರಿಗೆ ಬಂದ ಹೊಸತರಲ್ಲಿ ಅದರ ಮೇಲೆ ನನ್ನ ಬರಹಕ್ಕಿಂತ ಹೆಚ್ಚಾಗಿ ಬೇರೆಯವರ ಕಾಗದಗಳೇ ಹರಡಿಕೊಂಡಿರುತ್ತಿದ್ದವು. ನಮ್ಮ ಬೀದಿಯ ಹೆಂಗಸರಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದ್ದರಿಂದ, ಬೆಟ್ಟದ ನೆರಳು ನಮ್ಮ ಅಂಗಳಕ್ಕೆ ಇಳಿಯುವ ಹೊತ್ತಿಗೆ ಯಾರಾದರೂ ಒಬ್ಬರು ನೀಲಿ ಇನ್‌ಲ್ಯಾಂಡ್ ಕಾಗದ ಹಿಡಿದು ಬಂದೇ ಬರುತ್ತಿದ್ದರು.

ಹಾಗೆ ಬಂದವರಲ್ಲಿ ಕರಿಯಮ್ಮ ಒಬ್ಬಳು. ನಮಗೆ ಬೆಣ್ಣೆ ತಂದುಕೊಡುತ್ತಿದ್ದವಳು. ಒಬ್ಬಳೇ ಮಗಳು ರಂಗಮ್ಮನನ್ನು ವೈ.ಎನ್.ಹೊಸಕೋಟೆಯ ಆಚೆಗೆ, ಅರ್ಧ ತೆಲುಗಿನ ಊರಿಗೆ ಕೊಟ್ಟಿದ್ದಳು. ಜಗಲಿಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಮಗಳಿಗೆ ಬರೆಯಬೇಕಾದ್ದನ್ನು ಹೇಳತೊಡಗಿದಳು:

"ಬರ್ಕಳಿ ಅಮ್ಮಾವ್ರೆ. ಕೊಂಬು ಮುರ್ದ ಎಮ್ಮೆ ಈದೈತೆ, ಹೆಣ್ಗರ. ನಿಮ್ಮಪ್ಪುನ ಮಂಡಿನೋವು ಅಂಗೇ ಐತೆ, ಬಾಯಿ ಮಾತ್ರ ಜೋರಾಗೈತೆ. ಹಬ್ಬಕ್ಕೆ ಬಾ. ನೀ ಬರದಿದ್ರೆ ನಾನೇನ್ ಸಾಯಾಕಿಲ್ಲ, ಆದ್ರೂ ಬಾ."

ಆಗ ನಾನು ಲೈಬ್ರರಿಯ ಕಾದಂಬರಿಗಳನ್ನು ಒಂದರ ಮೇಲೊಂದು ಓದುತ್ತಿದ್ದ ಕಾಲ. ಬರಹವೆಂದರೆ ರೇಷ್ಮೆ ಸೀರೆ ಉಟ್ಟು ನಿಂತ ಮಾತು ಎಂದು ನಂಬಿದ್ದೆ. ಎಮ್ಮೆ, ಮಂಡಿ, ಇವೆಲ್ಲ ಕಾಗದಕ್ಕೆ ತಕ್ಕವೇ? 'ಇಲ್ಲಿ ನಾವೆಲ್ಲರೂ ಕ್ಷೇಮ' ಎಂಬ ಮೊದಲ ಸಾಲಂತೂ ಹಳಸಿದ ಹಿಟ್ಟಿನಂತೆ ಕಂಡಿತು. ಅದನ್ನೂ ಬಿಟ್ಟು, 'ಅಸ್ತಂಗತನಾಗುತ್ತಿರುವ ದಿನಮಣಿಯ ಕೊನೆಯ ಕಿರಣದಂತೆ ಈ ಮಾತೃಹೃದಯವು ನಿನ್ನ ದರ್ಶನಕ್ಕಾಗಿ ಹಂಬಲಿಸುತ್ತಿದೆ' ಎಂದು ಶುರುಮಾಡಿ, ಮಡಿಸಿ, ಅಂಟಿಸಿ ಕೊಟ್ಟೆ. ನನ್ನ ಅಕ್ಷರಕ್ಕೆ ನಾನೇ ಮರುಳಾಗಿದ್ದೆ.

ನಮ್ಮ ಸೀಮೆಯಲ್ಲಿ ಕಾಗದ ಓದುವುದಕ್ಕೂ ಒಂದು ಕ್ರಮವುಂಟು. ಅಕ್ಷರ ಬಂದವರು ಗಟ್ಟಿಯಾಗಿ ಓದುತ್ತಾರೆ, ಮನೆಯವರು ಸುತ್ತ ಕೂತು ಮೊದಲು 'ಕ್ಷೇಮ' ಎಂಬ ಮಾತಿಗೆ ಕಾಯುತ್ತಾರೆ. ಅದು ಕಿವಿಗೆ ಬಿದ್ದ ಮೇಲೆಯೇ ಉಸಿರು ಬಿಡುವುದು. ಸಾವಿನ ಕಾಗದದಲ್ಲಿ ಮಾತ್ರ ಆ ಮಾತಿರುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಚೆಂದ ಬರೆಯುವ ಅಮಲಿನಲ್ಲಿ ಮರೆತಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನದ ಬಸ್ಸಿಳಿದ ರಂಗಮ್ಮ ಬೀದಿಯ ತುದಿಯಿಂದಲೇ ಎದೆ ಬಡಿದುಕೊಂಡು ಬಂದಳು. ಕರಿಯಮ್ಮ ಗೋಡೆಗೆ ಬೆರಣಿ ತಟ್ಟುತ್ತಿದ್ದವಳು ಸಗಣಿ ಕೈಯಲ್ಲೇ ಓಡಿಬಂದಳು.

"ಅಯ್ಯೋ, ಯಾರೇ ಸತ್ತೋದ್ರು?"

"ನೀನೇ ಕಣವ್ವೋ!" ಎಂದು ಕಿರುಚಿದ ರಂಗಮ್ಮ, ಸತ್ತವಳನ್ನೇ ತಬ್ಬಿಕೊಂಡು ಅತ್ತಳು.

ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಗುತ್ತಿದ್ದೆನೇನೋ, ಆದರೆ ಸುಧಾರಿಸಿಕೊಂಡ ರಂಗಮ್ಮ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ ಹೇಳಿದ ಮಾತು ನನ್ನನ್ನು ನಿಂತಲ್ಲೇ ಹಿಡಿದು ನಿಲ್ಲಿಸಿತು: "ಮೇಷ್ಟ್ರು ಓದಿದ್ರು. ಕ್ಷೇಮ ಅಂತ ಇಲ್ಲ. ಓಗ್ಲಿ ಅಂದ್ರೆ, ಒಂದ್ ಮಾತೂ ನಮ್ಮವ್ವ ಆಡೋ ಮಾತಲ್ಲ. ಅವ್ವನ ಮಾತೇ ಇಲ್ಲ ಅಂದ್ಮ್ಯಾಲೆ ಅವ್ವ ಎಲ್ಲವ್ಳೆ ಅಂದ್ಕಂಡ್ಬುಟ್ಟೆ."

ಕರಿಯಮ್ಮನಿಗೆ ನನ್ನ ಮೇಲೆ ಕೋಪವೇನೂ ಬರಲಿಲ್ಲ. "ನಿಮ್ಮಕ್ಸರ ಚೆನಾಗೈತಂತೆ ಅಮ್ಮಾವ್ರೆ," ಎಂದಳು. "ನಾನು ಸತ್ತ ಮ್ಯಾಲೆ ಅಂಗ್ ಮಾತಾಡ್ತೀನೇನೋ. ಈಗ್ಲೇ ಬ್ಯಾಡ."

ಅಂದಿನಿಂದ ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದೆ, ಎಮ್ಮೆಯನ್ನೂ ಬಿಡದೆ, ಅವಳ ಗಂಡನ ಬಾಯನ್ನೂ ಬಿಡದೆ. ಬರೆಯುತ್ತ ಬರೆಯುತ್ತ ನನ್ನದೇ ಒಂದು ಗುಟ್ಟು ನನಗೆ ತಿಳಿಯಿತು. ಗೆಳೆಯರೇ, ನಾನು ದಿನವೂ ದೇವರ ಮುಂದೆ ಕೂತು ಶ್ಲೋಕ ಹೇಳುವವಳು. ತಪ್ಪಿಲ್ಲದೆ, ಸುಸ್ವರವಾಗಿಯೇ ಹೇಳುತ್ತೇನೆ. ಆದರೆ ಸಣ್ಣ ಮಗಳಿಗೆ ಮೈ ಸುಡುವ ಜ್ವರ ಬಂದು ಮೂರು ದಿನವಾದರೂ ಬಿಡದೆ ಹೋದಾಗ ನನ್ನ ಬಾಯಿಗೆ ಒಂದು ಶ್ಲೋಕವೂ ಬರಲಿಲ್ಲ. "ಏನಪ್ಪಾ ವೆಂಕಟರಮಣ, ನಿನಗೆ ಕಣ್ಣು ಕಾಣಿಸೋಲ್ವೆ?" ಎಂದು ಜಗಳಕ್ಕೇ ನಿಂತಿದ್ದೆ. ಮಾರನೆಯ ದಿನ ಜ್ವರ ಬಿಟ್ಟಿತು. ಡಾಕ್ಟರ ಔಷಧಿಯ ಪಾಲನ್ನು ನಾನು ಕಿತ್ತುಕೊಳ್ಳುವುದಿಲ್ಲ. ಆದರೆ ನನ್ನ ಒರಟು ಮಾತು ಆ ಎತ್ತರಕ್ಕೆ ಮುಟ್ಟಲಿಲ್ಲವೆಂದು ಯಾರೂ ನನ್ನನ್ನು ನಂಬಿಸಲಾರರು. ಕಷ್ಟದಲ್ಲಿ ದೇವರಿಗೆ ಸಲ್ಲುವ ಮಾತು ಸುಖದಲ್ಲಿ ಓದುಗರಿಗೆ ಸಲ್ಲದೆ ಹೋಗುವುದು ಹೇಗೆ?

ಎಂಟು ಹತ್ತು ವರ್ಷ ಕಳೆದವು. ಊರಿನ ಒಂದು ಸಂಘದವರು ಸ್ಮರಣ ಸಂಚಿಕೆ ತರುತ್ತೇವೆ, ಗೃಹಿಣಿಯರೂ ಬರೆಯಬಹುದು ಎಂದರು. ರಂಗಮ್ಮ ಅತ್ತುಕೊಂಡು ಬಂದ ಈ ಕಥೆಯನ್ನೇ ನಾಲ್ಕು ಹಾಳೆ ಬರೆದು ಕಳಿಸಿದೆ. ನನ್ನ ಹೆಸರು ಅಚ್ಚಿನಲ್ಲಿ ಕಾಣುವುದು ಅದೇ ಮೊದಲಾಗುತ್ತಿತ್ತು. ಆ ಆಸೆಯನ್ನು ಎಷ್ಟು ಮುಚ್ಚಿಟ್ಟರೂ ಸಾರಿನ ಘಮದಂತೆ ಮನೆಯೆಲ್ಲ ಹರಡಿತ್ತು. ವಾರದಲ್ಲೇ ಹಾಳೆಗಳು ಕೆಂಪು ಶಾಯಿಯಲ್ಲಿ ಮಿಂದು ಮರಳಿದವು. ಸಂಪಾದಕರಾಗಿದ್ದ ನಿವೃತ್ತ ಪಂಡಿತರು ತಿದ್ದಿದ್ದರು; ಒಪ್ಪಿದರೆ ಅಚ್ಚು, ಇಲ್ಲದಿದ್ದರೆ ಇಲ್ಲ. ರಂಗಮ್ಮನ ಮಾತು ಇದ್ದ ಕಡೆ ಈಗ ಹೀಗಿತ್ತು: 'ಹಾ ಜನನೀ! ನಿನ್ನ ವಾಣಿಯ ಅಭಾವದಿಂದ ನಿನ್ನ ಅಸ್ತಿತ್ವದ ಬಗೆಗೇ ಸಂಶಯಗ್ರಸ್ತಳಾದೆ!'

"ತಿಳಿದವರು ತಿದ್ದಿದಾರೆ ಕಣೇ," ಎಂದರು ನಮ್ಮ ಯಜಮಾನರು. "ಹೆಸರಂತೂ ನಿನ್ನದೇ ಇರುತ್ತಲ್ಲ."

"ಹೆಸರೊಂದೇ ಇರುತ್ತೆ," ಎಂದು, ಸೀರೆ ಬದಲಿಸಿ ಪಂಡಿತರ ಮನೆಗೆ ನಡೆದೆ.

ಅವರು ಸಜ್ಜನರು. "ಬನ್ನಿ ತಾಯಿ," ಎಂದು ಚಾಪೆ ಹಾಸಿಸಿದರು. "ಅಚ್ಚಾಗೋ ಮಾತಿಗೆ ಒಂದು ಘನತೆ ಬೇಡವೇ? ಹಾಗೇ ಹಾಕಿದರೆ ಜನ ನಗ್ತಾರೆ."

"ನಗಲಿ ಅಂತಲೇ ಬರೆದದ್ದು ಪಂಡಿತರೇ. ನನ್ನ ವಾಕ್ಯ ಎಷ್ಟು ಬೇಕಾದರೂ ತಿದ್ದಿ, ಕಾಗುಣಿತ ತಿದ್ದಿ, ಬಗ್ಗಿ ನಮಸ್ಕಾರ ಮಾಡಿ ಒಪ್ಪಿಕೊಳ್ತೀನಿ. ಆ ಹುಡುಗಿ ಅವ್ವನ್ನ ಹುಡುಕ್ಕೊಂಡು ಬಂದದ್ದು ಅವಳ ಮಾತಿನಲ್ಲಿ. ಅದು ನಿಮ್ಮದೂ ಅಲ್ಲ, ನನ್ನದೂ ಅಲ್ಲ."

"ಹಾಗಾದರೆ ಜಾಗ ಆಗೋಲ್ಲ ತಾಯಿ."

"ಬೇಡ ಬಿಡಿ," ಎಂದು ನಾಲ್ಕು ಹಾಳೆಯನ್ನೂ ಎತ್ತಿಕೊಂಡು ಬಂದೆ.

ಆದರೂ ಅವರನ್ನು ಬೈಯಲಾರೆ. ಒಂದು ಕಾಲಕ್ಕೆ ಕರಿಯಮ್ಮನಿಗೆ ನಾನೇ ಆ ಪಂಡಿತ. ಬದುಕಿದ್ದವಳನ್ನು ದಿನಮಣಿಯ ಜೊತೆ ಮುಳುಗಿಸಿದವಳು. ಅವರನ್ನು ತಡೆದು ನಿಲ್ಲಿಸುವ ರಂಗಮ್ಮನೊಬ್ಬಳು ಇನ್ನೂ ಅವರ ಬಾಗಿಲಿಗೆ ಬಂದಿಲ್ಲ, ಅಷ್ಟೇ. ನನ್ನ ಬಾಗಿಲಿಗೆ ಬಂದಳಲ್ಲ, ಅದು ಸ್ವಾಮಿ ನನಗೆ ಮಾಡಿದ ಉಪಕಾರಗಳಲ್ಲಿ ಒಂದು.

ಸಂಚಿಕೆ ಹೊರಬಂತು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹುಡುಕಿದೆ, ಇಲ್ಲವೆಂದು ಗೊತ್ತಿದ್ದರೂ. ನನ್ನ ಬರಹಕ್ಕೆ ಸಿಗಬಹುದಾಗಿದ್ದ ಜಾಗದಲ್ಲಿ ಒಂದು ಎಣ್ಣೆ ಗಾಣದವರ ಶುಭಾಶಯವಿತ್ತು. ನಾನು ಅಳಲಿಲ್ಲವೆಂದು ಬರೆದರೆ ಓದುವುದಕ್ಕೆ ಗಂಭೀರವಾಗಿರುತ್ತದೆ. ಆದರೆ ಅತ್ತೆ. ಅತ್ತು, ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಹೊಸ ಹಾಳೆ ತೆಗೆದು ಮೊದಲ ಸಾಲು ಬರೆದೆ: 'ನನ್ನ ಬರಹವನ್ನು ಅವರು ಹಾಕಲಿಲ್ಲ, ನನಗೆ ತುಂಬಾ ಸಿಟ್ಟು ಬಂದಿದೆ.'

ಗಟ್ಟಿಯಾಗಿ ಎರಡು ಸಲ ಓದಿದೆ. ತಿದ್ದುವಂಥದ್ದೇನೂ ಕಾಣಲಿಲ್ಲ.