ಮೆಣಸಿನಕಾಯಿಗೊಂದು ಅಡ್ಡಹೆಸರು

ಅರವತ್ತು ದಾಟಿದ ಮೇಲೆ ಗಂಟಲಿಗೆ ಹೊಸ ಶಬ್ದ ಕಲಿಸಬಾರದು. ನಾನು ಕಲಿಸಿದೆ. ಅಂಕೋಲೆಯ ನಮ್ಮ ಮನೆಯ ಬಚ್ಚಲಲ್ಲಿ ನಿಂತು ‘ಹಾಲಪೇನ್ಯೊ, ಹಾಲಪೇನ್ಯೊ’ ಎಂದು ರೂಢಿ ಮಾಡುತ್ತಿದ್ದರೆ ಹೆಂಡತಿ ಹೊರಗಿನಿಂದ, “ಕಫ ಆದ್ರೆ ಕಷಾಯ ಕುಡೀರಿ, ಬಚ್ಚಲು ಬಿಡಿ” ಎಂದಳು. ಅದು ಕಫವಲ್ಲ, ಮೆಣಸಿನಕಾಯಿ ಎಂದು ಹೇಳಿದ ಮೇಲಂತೂ ಅವಳಿಗೆ ನನ್ನ ಬಗ್ಗೆ ನಿಜವಾಗಿ ಚಿಂತೆಯಾಯಿತು.

ದಪ್ಪನೆಯ, ಮೊಂಡು ಮೂಗಿನ, ಮಿರಮಿರ ಹೊಳೆಯುವ ಹಸಿರು ಮೆಣಸಿನಕಾಯಿ ಅದು. ನಮ್ಮ ಕುಟುಂಬಕ್ಕೆ ಬಂದದ್ದು ಕಾರವಾರದ ಪಕ್ಕದ ಸದಾಶಿವಗಡದ ಮೂಲಕ. ಅಲ್ಲಿ ಗೋವಾ ರಸ್ತೆಯ ಬದಿಗೆ ನನ್ನ ತಂಗಿ ಶೈಲಾಳ ಪುಟ್ಟ ಕ್ಯಾಂಟೀನಿದೆ. ಅವಳ ಗಂಡ ಮೀನುಗಾರ. ಮಳೆಗಾಲದಲ್ಲಿ ದೋಣಿ ದಡದಲ್ಲಿ ಮಲಗಿದರೆ ಮನೆಯ ಒಲೆ ಉರಿಯುವುದು ಕ್ಯಾಂಟೀನಿನಿಂದಲೇ. ಈಚೆಗೆ ಅಕ್ಕಪಕ್ಕ ಥಳಕಿನ ಹೋಟೆಲುಗಳೆದ್ದು ಗಿರಾಕಿಗಳು ಆ ಕಡೆ ವಾಲಿದ್ದರು. ಅವಳ ಗಂಡನಿಗೆ ಗೋವೆಯ ಗೆಳೆಯನೊಬ್ಬ ಕೊಟ್ಟ ಬೀಜ ಹಿತ್ತಲಲ್ಲಿ ಮೊಳೆತು ಬುಟ್ಟಿಗಟ್ಟಲೆ ಕಾಯಿ ಬಿಟ್ಟಾಗ ಶೈಲಾ ಅವುಗಳ ಹೊಟ್ಟೆ ಸೀಳಿ, ಒಣ ಸೀಗಡಿಯ ಮಸಾಲೆ ತುಂಬಿ ಭಜೆ ಕರಿದಳು. ತಿಂದವರು ಮೊದಲು ದೇವರನ್ನು ನೆನೆದು, ಆಮೇಲೆ ಇನ್ನೊಂದು ಕೇಳಬೇಕು, ಅಂಥ ಭಜೆ.

“ದಾದಾ, ಇದೂ ಹಿಡೀಲಿಲ್ಲ ಅಂದ್ರೆ ಕ್ಯಾಂಟೀನ್ ಮುಚ್ಚೂದೇ” ಎಂದಳು. ಬೋರ್ಡಿನ ಮೇಲೆ ಹೆಸರು ಬರೆಯಿಸುವ ಕೆಲಸ ನನಗೆ ಬಂತು. ಬದುಕಿಡೀ ಇಂಗ್ಲಿಷ್ ಮಾಸ್ತರನಾಗಿದ್ದವನಿಗೆ ಇಂಥ ಕೆಲಸ ಕೊಡುವುದೆಂದರೆ ಮಂಗನ ಕೈಗೆ ಮಾಣಿಕ್ಯ ಕೊಟ್ಟಂತೆ.

ಫೋನಿನ ನಿಘಂಟಿನೊಳಗಿನ ಹೆಂಗಸು ನನಗೆ ಉಚ್ಚಾರ ಕಲಿಸಿದಳು. ಸ್ಪೇನಿನವರು ಜ ಬರೆದು ಹ ಓದುತ್ತಾರೆ, ಅದೂ ಗಂಟಲಿನ ತಳ ಕೆರೆದು ತೆಗೆದ ಹ. ಇಂಗ್ಲಿಷರು ಶಬ್ದವನ್ನು ಎರವಲು ತರುವಾಗ ಕೆರೆತವನ್ನು ಅಲ್ಲೇ ಬಿಟ್ಟು ನಯವಾದ ಹ ಮಾತ್ರ ತಂದರು. ಇನ್ನು ನ ಇದೆಯಲ್ಲ, ಅದರ ತಲೆಯ ಮೇಲೊಂದು ಪುಟ್ಟ ತೆರೆ ಹಾಯುತ್ತದೆ. ಆಗ ಅದು ನ್ಯ. ನನಗೆ ಥಟ್ಟನೆ ನಮ್ಮ ಞ ನೆನಪಾಯಿತು. ಪಾಪ, ಜ್ಞಾನದ ಕಾಲಡಿ ಸಿಕ್ಕಿಕೊಂಡದ್ದು ಬಿಟ್ಟರೆ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತ ಅಕ್ಷರ. ಅದಕ್ಕೆ ಕಡೆಗೂ ನೌಕರಿ ಸಿಕ್ಕಿತೆಂದು ನಾನು ಹಿಗ್ಗಿ ಹೀರೇಕಾಯಿಯಾದೆ.

ಆ ಹಿಗ್ಗಿನಲ್ಲೇ ಬೋರ್ಡಿನ ಮೇಲೆ ‘ಹಾಲಪೇಞೊ ಭಜೆ’ ಎಂದು ಬರೆಯಿಸಿ, ಭಾನುವಾರ ಕ್ಯಾಂಟೀನಿಗೆ ಹೋಗಿ ದುಡ್ಡಿನ ಗಲ್ಲೆಯ ಪಕ್ಕ ಕುರ್ಚಿ ಹಾಕಿ ಕೂತೆ. ಬಂದವರು ಬೋರ್ಡು ನೋಡಿ “ಹಾ... ಹಾಲು...” ಎಂದು ತಡವರಿಸುವರು. ಇಂಗ್ಲಿಷ್ ಬಲ್ಲವರು “ಜಲಪೆನೊ” ಎನ್ನುವರು. ನಾನು ಬಿಡುವೆನೆ? ತಿದ್ದುವೆ. ಇನ್ನೊಮ್ಮೆ ಹೇಳಿಸುವೆ. ಅವರು ಕೈಕಟ್ಟಿ ನಿಂತು, ಬೆವರೊರೆಸಿಕೊಂಡು, “ಬಟಾಟೆ ಭಜೆ ಕೊಡಿ” ಎಂದು ಪಾರಾಗುವರು. ಮಜವೆಂದರೆ ಬಟಾಟೆಯೂ ಸಮುದ್ರದಾಚೆಯ ಯಾವುದೋ ದ್ವೀಪದ ಮಾತೇ. ಸ್ಪೇನ್, ಪೋರ್ಚುಗಲ್ಲಿನವರ ಬಾಯಿಗೆ ಬಿದ್ದು, ಹಡಗು ಹತ್ತಿ ನಮ್ಮ ಕರಾವಳಿಗೆ ಬಂದದ್ದು. ಒಬ್ಬ ಪರದೇಶಿಗೆ ಹೆದರಿ ಇನ್ನೊಬ್ಬ ಪರದೇಶಿಯ ಹಿಂದೆ ಅಡಗುತ್ತಿದ್ದರು ಜನ. ನನಗೆ ನಗು ಬರುತ್ತಿತ್ತು. ಶೈಲಾಳಿಗೆ ಬರುತ್ತಿರಲಿಲ್ಲ. ಸಂಜೆ ಅವಳು ಮಸಾಲೆ ತುಂಬಿದ ಕಾಯಿಗಳನ್ನು ಹಾಗೆಯೇ ತಾಟಿನಲ್ಲಿ ಎತ್ತಿಡುವಾಗ ಕಣ್ಣು ಒರೆಸಿಕೊಂಡಳು. ಖಾರದ ಕೈ ತಾಗಿತು ಎಂದಳು. ನನಗೆ ಸಂಕಟವಾಯಿತು.

ಇದನ್ನೆಲ್ಲ ಮೂಲೆಯಲ್ಲಿ ಕೂತು ನೋಡುತ್ತಿದ್ದವರು ಶೈಲಾಳ ಅತ್ತೆ ತುಳಸಿಬಾಯಿ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಯಾರು ಎದುರಾದರೂ ಹೆಸರು ಕೇಳುವುದಿಲ್ಲ, ಊರು ಕೇಳುತ್ತಾರೆ.

“ಮಾಸ್ತರೇ, ಈ ಮೆಣಸು ಯಾವ ಊರಿಂದು?”

“ಹಲಾಪ ಅಂತ. ಮೆಕ್ಸಿಕೊ ದೇಶದಲ್ಲಿ. ಮರಳಲ್ಲಿ ನೀರಿನ ಒರತೆ ಇರೋ ಜಾಗ ಅಂತ ಆ ಹೆಸರಿನ ಅರ್ಥ.”

“ಮರಳು, ಒರತೆ. ನಮ್ಮಂಗೇ ಆಯ್ತಲ್ಲ. ಮತ್ತೆ ಆ ಪೇನ್ಯೊ ಎಂತದು?”

“ಆ ಊರಿನವ ಅಂತ.”

“ಹಂಗಾರೆ ಹಲಾಪ್ಕರ್ ಅನ್ನಿ. ಅದ್ಕೆ ಇಷ್ಟು ಕೆಮ್ಮೂದು ಎಂತಕ್ಕೆ?”

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅಂಕೋಲೆಯಿಂದ ಬಂದವ ಅಂಕೋಲೇಕರ, ಶೆಟಗೇರಿಯಿಂದ ಬಂದವ ಶೆಟಗೇರಿಕರ. ಊರು ಬಿಟ್ಟು ಎಷ್ಟು ತಲೆಮಾರಾದರೂ ಬಾಲ ಬಿಡುವುದಿಲ್ಲ ನಮ್ಮ ಜನ. ಮೆಣಸಿನಕಾಯಿಯೂ ಊರು ಬಿಟ್ಟು ಬಂದದ್ದೇ, ಅಡ್ಡಹೆಸರು ಹೊತ್ತೇ ಬಂದಿದೆ. ನಾಲ್ಕು ನಿಘಂಟು ತಿರುವಿದ ನನಗೆ ಇದೊಂದು ಹೊಳೆದಿರಲಿಲ್ಲ. ಮರುದಿನವೇ ಬೋರ್ಡು ಬದಲಾಯಿತು: ಹಲಾಪ್ಕರ್ ಭಜೆ.

ಈಗ ಯಾರ ನಾಲಿಗೆಯೂ ಎಡವಲಿಲ್ಲ. ಲಾರಿಯವರು, ದೋಣಿಯವರು, ಗೋವೆಗೆ ಹೊರಟ ಕಾಲೇಜು ಹುಡುಗರು, ಎಲ್ಲರೂ “ಎರಡು ಹಲಾಪ್ಕರ್” ಎಂದು ಕೂಗುವವರೇ. ಮಧ್ಯಾಹ್ನಕ್ಕೇ ಕಾಯಿ ಖಾಲಿ. ಶೈಲಾಳ ಗಂಡ ಹಿತ್ತಲಿನ ಬೇಲಿ ಕಿತ್ತು ಇನ್ನೊಂದು ಪಾತಿ ಮಾಡಿದ.

ಮೊನ್ನೆ ರಾಮನಗುಳಿ ಕಡೆಯ ಲಾರಿ ಡ್ರೈವರೊಬ್ಬ ಬಾಯಿ ಉರಿಯುತ್ತಿದ್ದಂತೆಯೇ ಕೇಳಿದ: “ಅಕ್ಕಾ, ಈ ಹಲಾಪ್ಕರ್ ಅಂದ್ರೆ ಯಾರು? ಕಾರವಾರದವ್ರಾ?”

ನಾನು ಕನ್ನಡಕ ಸರಿಪಡಿಸಿಕೊಂಡು, ಗಂಟಲು ಸರಿಮಾಡಿಕೊಂಡು ಮೆಕ್ಸಿಕೊದಿಂದ ಸುರುಮಾಡುವುದರೊಳಗೆ ಶೈಲಾ ಬಾಣಲೆಯಿಂದ ತಲೆ ಎತ್ತದೆ ಹೇಳಿದಳು:

“ಹೌದು, ನಮ್ಮವ್ರೇ.”

ನಾನು ತಿದ್ದಲಿಲ್ಲ. ಅದರಲ್ಲಿ ತಪ್ಪೇನೂ ಕಾಣಿಸಲಿಲ್ಲ.