ಗೋದಲಿ ತುಂಬ ಒಳ್ಳೆಯತನ

ಈ ಸಲ ಕ್ರಿಸ್‌ಮಸ್ ದಿನ ಬೆಳಿಗ್ಗೆ, ಜನ ತುಂಬಿದ ಚರ್ಚಿನಲ್ಲಿ, ಎಲ್ಲರ ಕಣ್ಣೆದುರೇ ಬಾಲಯೇಸು ಬಿದ್ದುಬಿಟ್ಟರು.

ತಮಾಷೆಯಲ್ಲ. ಗೋದಲಿಯಲ್ಲಿ ಮಲಗಿಸಿದ ಮೊಳದುದ್ದದ ಪ್ಲಾಸ್ಟರಿನ ಕೂಸು ಹುಲ್ಲಿನ ಮೇಲಿಂದ ಜಾರಿತು. ಕಲ್ಲುಚಪ್ಪಡಿಯ ಮೇಲೆ ಠಪ್ಪೆಂದು ಬಿದ್ದು ಬಲಗೈ ಮುರಿಯಿತು. ಹಾಡುತ್ತಿದ್ದವರು ಹಾಡು ನಿಲ್ಲಿಸಿದರು. ಯಾರೋ "ಅಯ್ಯೋ ಸ್ವಾಮೀ" ಎಂದರು. ನನಗೆ ಮಾತ್ರ (ದೇವರು ಕ್ಷಮಿಸಲಿ) ಒಳಗೊಳಗೇ "ಸರಿಯಾಯ್ತು" ಅನ್ನಿಸಿತು.

ಯಾಕೆ ಅಂತ ಹೇಳುತ್ತೇನೆ. ಹೇಳದಿದ್ದರೆ ಈ ವಾರ ನನಗೆ ಅನ್ನ ಇಳಿಯುವುದಿಲ್ಲ.

ಹೊಳೆನರಸೀಪುರದಿಂದ ಹಳೇಕೋಟೆ ಕಡೆಗೆ ಹೋಗುವ ಬಸ್ಸು ಹತ್ತಿ ನಡುವೆ ಒಂದು ಕಡೆ ಇಳಿದರೆ ನಮ್ಮೂರು. (ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಭಾನುವಾರ ನಾನು ಚರ್ಚಿಗೆ ಕಾಲಿಡುವ ಹಾಗಿಲ್ಲ.) ಕ್ರೈಸ್ತರ ಮನೆ ಇಪ್ಪತ್ತಾರು, ಒಂದು ಪುಟ್ಟ ಚರ್ಚು, ಮೂರು ಊರಿಗೆ ಒಬ್ಬರೇ ಫಾದರ್. ಹಬ್ಬದ ರಾತ್ರಿಯ ಪೂಜೆ ದೊಡ್ಡ ಊರಿನವರಿಗೆ. ನಮಗೆ ಬೆಳಗಿನದು.

ಪ್ರತಿ ವರ್ಷ ಹಬ್ಬಕ್ಕೆ ಗೋದಲಿ ಕಟ್ಟುತ್ತೇವೆ. ಗೋದಲಿ ಎಂದರೆ ನಿಮಗೆ ಗೊತ್ತೇ ಇದೆ, ಕೊಟ್ಟಿಗೆಯಲ್ಲಿ ದನಕ್ಕೆ ಮೇವು ಹಾಕುವ ಜಾಗ. ಯೇಸು ಹುಟ್ಟಿದಾಗ ಮಲಗಿಸಿದ್ದು ಅಂಥದ್ದರಲ್ಲಿ. ಹಬ್ಬದ ದಿನದವರೆಗೂ ನಮ್ಮ ಗೋದಲಿ ಖಾಲಿ ಇರುತ್ತದೆ. ಪೂಜೆ ಶುರುವಾಗುವಾಗ ಒಂದು ಕುಟುಂಬ ಕೂಸನ್ನು ಬಾಗಿಲಿನಿಂದ ಎತ್ತಿಕೊಂಡು ಬಂದು ಮಲಗಿಸಬೇಕು. ಯಾರು ತರಬೇಕು? ಸರದಿ. ಇಪ್ಪತ್ತಾರು ಮನೆಗೆ ಇಪ್ಪತ್ತಾರು ವರ್ಷ. ಲೆಕ್ಕ ಹಾಕಿ, ಒಂದು ಜನ್ಮಕ್ಕೆ ಎಷ್ಟು ಸಲ ಬಂದೀತು?

ಇನ್ನೊಂದು ಪದ್ಧತಿಯೂ ಇದೆ. ಹಬ್ಬಕ್ಕೆ ಮುಂಚಿನ ನಾಲ್ಕು ವಾರ, ಒಂದು ಒಳ್ಳೆಯ ಕೆಲಸ ಮಾಡಿದವರು ಒಂದು ಹುಲ್ಲುಕಡ್ಡಿ ತಂದು ಗೋದಲಿಗೆ ಹಾಕಬೇಕು. ಬರುವ ಕೂಸಿಗೆ ಮೆತ್ತಗಿರಲಿ ಎಂದು. ಹುಲ್ಲು ಕೊಡುವವರು ನಮ್ಮ ಪಕ್ಕದ ಮನೆಯ ಗಂಗಾಧರಪ್ಪನವರು. ಹಣೆ ತುಂಬ ವಿಭೂತಿ, ಅಂಗಳದಲ್ಲಿ ರಾಗಿಹುಲ್ಲಿನ ಮೆದೆ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಅವರ ಅಪ್ಪನ ಕಾಲದಿಂದಲೂ ನಮ್ಮ ಗೋದಲಿಗೆ ಅವರ ಮೆದೆಯದೇ ಹುಲ್ಲು.

ಮೊದಲೆಲ್ಲ ಹಬ್ಬದ ಹೊತ್ತಿಗೆ ಒಂದು ಹಿಡಿ ಹುಲ್ಲು ಬೀಳುತ್ತಿತ್ತು. ಈ ವರ್ಷ ಕಮಿಟಿಯ ಸೆಕ್ರೆಟರಿ ಪೀಟರಣ್ಣ ಅದಕ್ಕೊಂದು ವಾಟ್ಸಾಪ್ ಗ್ರೂಪ್ ಮಾಡಿದರು. ಮಾಡಿದ ಒಳ್ಳೆಯ ಕೆಲಸವನ್ನು ಅಲ್ಲಿ ಹಾಕಬೇಕು, ಉಳಿದವರಿಗೂ ಸ್ಫೂರ್ತಿಯಾಗಲಿ ಎಂದು.

ಆಯಿತು ನೋಡಿ ಸ್ಫೂರ್ತಿ!

"ಅತ್ತೆಗೆ ಬಿಪಿ ಮಾತ್ರೆ ತಂದುಕೊಟ್ಟೆ. ಒಂದು ಕಡ್ಡಿ." "ಬಸ್ಸಲ್ಲಿ ವಯಸ್ಸಾದವರಿಗೆ ಸೀಟು ಬಿಟ್ಟುಕೊಟ್ಟೆ, ಅರಕಲಗೂಡಿನವರೆಗೂ ನಿಂತೇ ಹೋದೆ. ಎರಡು ಕಡ್ಡಿ." "ಯಜಮಾನರು ಬೈದರೂ ತಿರುಗಿ ಮಾತಾಡಲಿಲ್ಲ. ಮೂರು ಕಡ್ಡಿ." (ಇದಕ್ಕೆ ಮೂರು ಕಮ್ಮಿಯೇ ಆಯಿತು ಬಿಡಿ.) ಒಬ್ಬರು ನಾಯಿಗೆ ಬಿಸ್ಕತ್ತು ಹಾಕುವ ಸೆಲ್ಫಿ ಕಳಿಸಿದರು. ನಾಯಿ ಮುಖ ತಿರುಗಿಸಿಕೊಂಡಿತ್ತು.

ಗಂಗಾಧರಪ್ಪನವರ ಮೆದೆಯಿಂದ ಮೂರು ಸಲ ಕಂತೆ ಹೋಯಿತು. ಮೂರನೇ ಸಲ ಅವರು ಬೇಲಿಯ ಆಚೆಯಿಂದಲೇ ಕೇಳಿದರು.

"ಅಲ್ಲ ಟೀಚರಮ್ಮ, ಬೇಜಾರ್ ಮಾಡ್ಕಬೇಡಿ. ನಿಮ್ಮೋರು ಇಷ್ಟೊಂದ್ ಒಳ್ಳೇರಾದ್ರೆ, ಪಾಪ ಆ ದೇವ್ರು ಯಾಕ್ ಉಟ್ಟಿ ಬರ್ಬೇಕಾಗಿತ್ತು?"

ನಾನು ನಕ್ಕು ಒಳಗೆ ಬಂದೆ. ಉತ್ತರ ಗೊತ್ತಿರಲಿಲ್ಲ ಎಂದಲ್ಲ. ಐವತ್ತೇಳು ವರ್ಷದಿಂದ ಕೇಳಿಕೊಂಡು ಬಂದ ಉತ್ತರವೇ. ಮನುಷ್ಯ ತನ್ನಷ್ಟಕ್ಕೆ ತಾನು ಉದ್ಧಾರ ಆಗಲಾರ. ಬಾವಿಗೆ ಬಿದ್ದವನಿಗೆ ಮೇಲೆ ನಿಂತು ಬುದ್ಧಿ ಹೇಳಿದರೆ ಅವನು ಬದುಕುವುದಿಲ್ಲ, ಯಾರಾದರೂ ಇಳಿಯಬೇಕು. ದೇವರು ಇಳಿದ. ಅದೂ ಅರಮನೆಗಲ್ಲ, ಸಗಣಿ ವಾಸನೆಯ ಕೊಟ್ಟಿಗೆಗೆ. ಕ್ರಿಸ್‌ಮಸ್ ಎಂದರೆ ಇಷ್ಟೇ. ಕೇಕು, ನಕ್ಷತ್ರ, ಬಿಳಿಗಡ್ಡದ ಸಾಂಟಾ ಎಲ್ಲ ಆಮೇಲೆ ಸೇರಿಕೊಂಡವು. ಡಿಸೆಂಬರಿನಲ್ಲಿ ಚನ್ನರಾಯಪಟ್ಟಣದ ಬೇಕರಿಯಿಂದ ಹಿಡಿದು ಹಾಸನದ ಬಟ್ಟೆ ಅಂಗಡಿಯವರೆಗೆ ಎಲ್ಲ ಕಡೆ ಸಾಂಟಾ ಕೈಬೀಸುತ್ತಾನೆ. ಹುಟ್ಟಿದ ಕೂಸು ಎಲ್ಲೂ ಕಾಣುವುದಿಲ್ಲ. ಈ ವಾರದ ಅಂಕಣದಲ್ಲಿ ಸಾಂಟಾನಿಗೇ ನಾಲ್ಕು ಬಿಗಿಯೋಣ ಎಂದುಕೊಂಡಿದ್ದೆ. ಪಾಪ, ಅವನನ್ನು ಬಿಟ್ಟುಬಿಡಿ. ಅವನಿಗಿಂತ ದೊಡ್ಡ ಅಪರಾಧಿಗಳು ನಮ್ಮ ಚರ್ಚಿನೊಳಗೇ ಇದ್ದಾರೆ.

ಲೂರ್ದಮ್ಮನ ವಿಷಯಕ್ಕೆ ಬರುತ್ತೇನೆ.

ಈ ವರ್ಷ ಕೂಸು ತರುವ ಸರದಿ ಲೂರ್ದಮ್ಮನ ಮನೆಯದು. ವಯಸ್ಸು ಎಪ್ಪತ್ತರ ಹತ್ತಿರ, ಮಂಡಿನೋವು, ಗಂಡ ಇಲ್ಲ. ಹಿಂದಿನ ಸಲ ಸರದಿ ಬಂದಾಗ ಗಂಡ ಕೂಸನ್ನು ಎತ್ತಿಕೊಂಡಿದ್ದ, ಎಂಟು ವರ್ಷದ ಮಗ ಜೋಸೆಫ ಮುಂದೆ ಮೇಣದಬತ್ತಿ ಹಿಡಿದಿದ್ದ. ಇನ್ನೊಂದು ಸರದಿಗೆ ಆಕೆ ಇರುವುದಿಲ್ಲ. ಅದು ಆಕೆಗೂ ಗೊತ್ತು, ನಮಗೂ ಗೊತ್ತು. ನವೆಂಬರಿನಲ್ಲೇ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಹೇಳಿದ್ದಳು.

"ಈ ಸರ್ತಿ ನಮ್ದು ಕಣ್ ಟೀಚರವ್ವ. ಜೋಸೆಫನ ಕೈಲೇ ತರಿಸ್ತೀನಿ. ಅವ್ನು ಅಂಗಾದ್ರೂ ತಲೆ ಎತ್ತಲಿ."

ಜೋಸೆಫ ತಲೆ ತಗ್ಗಿಸಿದ್ದಕ್ಕೆ ಕಾರಣ ಇದೆ. ಗೂಡ್ಸ್ ಆಟೋ ಓಡಿಸುತ್ತಿದ್ದ. ಒಂದು ಸಂಜೆ ಕುಡಿದು ಗಾಡಿ ಓಡಿಸಿ ಕಟ್ಟಾಯ ಕಡೆಯ ಸೈಕಲ್ ಸವಾರನೊಬ್ಬನಿಗೆ ಗುದ್ದಿದ. ಆ ಮನುಷ್ಯ ಎಡಗಾಲು ಕಳೆದುಕೊಂಡ. ಜೋಸೆಫ ಜೈಲಿಗೆ ಹೋದ, ಶಿಕ್ಷೆ ಮುಗಿಸಿ ದೀಪಾವಳಿ ಕಳೆದ ಮೇಲೆ ಬಂದ. ಅವನು ಮಾಡಿದ್ದು ಸಣ್ಣ ತಪ್ಪು ಎಂದು ನಾನು ಹೇಳುತ್ತಿಲ್ಲ. ದೊಡ್ಡದು. ಹೋದ ಕಾಲು ಯಾರು ಅತ್ತರೂ ಬರುವುದಿಲ್ಲ.

ಆದರೆ ಕಮಿಟಿ ಸೇರಿತು. ಐದು ಜನ. ಪೀಟರಣ್ಣ ಗಂಟಲು ಸರಿಮಾಡಿಕೊಂಡರು.

"ಒಂದೇ ಒಂದ್ ವರ್ಷ ಕಣ್ರಪ್ಪ. ಈ ಸರ್ತಿ ಆ ಮನೆ ಬೇಡ. ಸುತ್ತಮುತ್ತಲ ಊರ್ನೋರೆಲ್ಲ ಗೋದ್ಲಿ ನೋಡಕ್ಕೆ ಬತ್ತಾರೆ. ಜೈಲಿಂದ ಬಂದವ್ನ ಕೈಗೆ ಬಾಲಯೇಸುನ ಕೊಟ್ರೆ ನಮ್ ಮಾನ ಏನಾಯ್ತದೆ?"

ಎಲ್ಲರೂ ಮೇಲಿನ ಫ್ಯಾನ್ ನೋಡಿದರು. (ಕರೆಂಟು ಇರಲಿಲ್ಲ. ಫ್ಯಾನ್ ತಿರುಗುತ್ತಿರಲಿಲ್ಲ. ಆದರೂ ನೋಡಿದರು.) ಸರದಿಯಲ್ಲಿ ಲೂರ್ದಮ್ಮನ ನಂತರದ ಮನೆ ಯಾರದು ಗೊತ್ತೆ? ಪೀಟರಣ್ಣನದು. ಅದನ್ನು ಯಾರೂ ಆಡಲಿಲ್ಲ. ಹೊಸದಾಗಿ ಬಂದಿರುವ ಫಾದರ್‌ಗೆ "ಸರದಿ ಪೀಟರಣ್ಣನ ಮನೇದು" ಎಂದಷ್ಟೇ ಹೇಳಿದರು.

ಮರುದಿನ ಚರ್ಚಿನ ಬಾಗಿಲಿಗೆ ನೋಟೀಸು ಬಿತ್ತು. "ಈ ವರ್ಷ ಬಾಲಯೇಸುವನ್ನು ಗೋದಲಿಗೆ ತರುವ ಭಾಗ್ಯವನ್ನು ಯೋಗ್ಯ ಕುಟುಂಬವೊಂದಕ್ಕೆ ನೀಡಲಾಗುವುದು."

ಯೋಗ್ಯ! ಪ್ರತಿ ಪೂಜೆಯಲ್ಲೂ ಪ್ರಸಾದ ತೆಗೆದುಕೊಳ್ಳುವ ಮುಂಚೆ ನಾವೆಲ್ಲ ತಲೆಬಾಗಿ ಏನು ಹೇಳುತ್ತೇವೆ? ಪ್ರಭುವೇ, ನೀವು ನನ್ನ ಬಳಿ ಬರಲು ನಾನು ಯೋಗ್ಯನಲ್ಲ ಎಂದು. ವಾರ ವಾರ, ಇಡೀ ಊರು, ಒಂದೇ ದನಿಯಲ್ಲಿ. ಹೇಳಿ ಬಾಯಿ ಒರೆಸಿಕೊಂಡು ಹೊರಗೆ ಬಂದರೆ ಬಾಗಿಲಲ್ಲಿ ಯೋಗ್ಯರಿಗೆ ಮಾತ್ರ ಎಂಬ ನೋಟೀಸು. ನಾಚಿಕೆ ಬೇಡವೇ?

ಆ ನೋಟೀಸು ಬರೆದವರು ಯಾರು ಎಂದು ಕೇಳಿ.

ನಾನು.

ಕಮಿಟಿಯ ಐವರಲ್ಲಿ ನಾನೂ ಒಬ್ಬಳು. "ನಿಮ್ ಅಕ್ಷರ ಮುದ್ದಾಗೈತೆ, ನೀವೇ ಬರ್ದುಬುಡಿ ಟೀಚರೇ" ಎಂದರು ಪೀಟರಣ್ಣ. ಬರೆದೆ. ಇನ್ನೊಂದು ಮಾತು. ಪೀಟರಣ್ಣ ಹೇಳಿದ್ದು "ಬೇರೆ ಕುಟುಂಬ" ಎಂದು. "ಯೋಗ್ಯ" ನನ್ನದೇ ಸೇರ್ಪಡೆ. ವಾಕ್ಯಕ್ಕೊಂದು ಕಳೆ ಬರಲಿ ಎಂದು!

ಇನ್ನೂ ಇದೆ. ನೋಟೀಸು ಅಂಟಿಸಿದ ಸಂಜೆ ಮನಸ್ಸು ತಡೆಯದೆ ಲೂರ್ದಮ್ಮನ ಮನೆಗೆ ಹೋದೆ. ಅರ್ಧ ಗಂಟೆ ಕೂತು, "ಎಲ್ಲ ಸರಿ ಹೋಗುತ್ತೆ ಅಮ್ಮ" ಎಂದು ಸಮಾಧಾನ ಹೇಳಿದೆ. ಬರೆದವಳು ನಾನೇ ಎಂದು ಹೇಳಲಿಲ್ಲ. ಮರುದಿನ ಗೋದಲಿಗೆ ಒಂದು ಕಡ್ಡಿ ಹಾಕಿದೆ. ಗ್ರೂಪಿನಲ್ಲಿ "ದುಃಖದಲ್ಲಿದ್ದವರನ್ನು ಸಂತೈಸಿದೆ" ಎಂದು ಹಾಕಿದೆ. ಹದಿನಾಲ್ಕು ಜನ ಕೈಮುಗಿಯುವ ಚಿತ್ರ ಒತ್ತಿದರು.

ಹಬ್ಬದ ಬೆಳಿಗ್ಗೆ. ಗೋದಲಿಯಲ್ಲಿ ಹುಲ್ಲು ಅಂಚು ಮೀರಿ, ಮೇಲೆದ್ದು, ಗುಡ್ಡೆಯಾಗಿ ನಿಂತಿತ್ತು. ಸುತ್ತ ಸೀರಿಯಲ್ ಸೆಟ್ಟು ಜಗಜಗ. ಪೀಟರಣ್ಣ ಹೊಸ ಜರಿಶಾಲು ಹೊದ್ದು, ಕೂಸನ್ನು ಎತ್ತಿಕೊಂಡು, ಮೊಬೈಲುಗಳ ನಡುವೆ ನಿಧಾನವಾಗಿ ಬಂದರು. ಗುಡ್ಡೆಯ ನೆತ್ತಿಯ ಮೇಲೆ ಮಲಗಿಸಿದರು. ಕೈಮುಗಿದು ಫೋಟೋಗೆ ತಿರುಗಿದರು.

ಕೂಸು ಜಾರಿತು.

ಆಮೇಲೆ ಏನಾಯಿತೆಂದು ಮೊದಲೇ ಹೇಳಿದೆ. "ಯಾರ್ರೀ ಇಷ್ಟೊಂದ್ ಹುಲ್ಲು ತುಂಬಿದೋರು?" ಎಂದು ಪೀಟರಣ್ಣ ಕಿರುಚಿದರು. ಯಾರು ಉತ್ತರ ಕೊಡಬೇಕು? ಊರೇ ತುಂಬಿತ್ತು.

ಹಿಂದಿನ ಸಾಲಿನಿಂದ ಲೂರ್ದಮ್ಮ ಎದ್ದಳು. ಗೋಡೆ ಹಿಡಿದುಕೊಂಡು ಮುಂದೆ ಬಂದಳು. ಯಾರನ್ನೂ ಕೇಳಲಿಲ್ಲ. ಮಂಡಿ ಊರಿ ಕೂತು, ಎರಡೂ ಕೈಯಿಂದ ಹುಲ್ಲು ಬಾಚಿ ಬಾಚಿ ಕೆಳಗೆ ಹಾಕಿದಳು. ಉಳಿದದ್ದನ್ನು ಅಂಗೈಯಿಂದ ಒತ್ತಿ ತಗ್ಗು ಮಾಡಿದಳು. ಕೂಸನ್ನು ಎತ್ತಿ ಸೆರಗಿನಲ್ಲಿ ಧೂಳು ಒರೆಸಿ ಆ ತಗ್ಗಿನಲ್ಲಿ ಮಲಗಿಸಿದಳು. ಮುರಿದ ಕೈಯನ್ನು ಪಕ್ಕದಲ್ಲೇ ಇಟ್ಟಳು.

"ಮಗೀಗೆ ಮಲಗಕ್ಕೆ ಗುಂಡಿ ಬೇಕು ಕಣಪ್ಪ ಪೀಟ್ರ, ಗುಡ್ಡೆ ಅಲ್ಲ," ಎಂದಳು. "ನೀವ್ಯಾರೂ ಮಕ್ಕಳ್ನ ಸಾಕಿಲ್ವಾ?"

ಫಾದರ್ ಏನೋ ಹೇಳಲು ಬಾಯಿ ತೆರೆದರು. ಮತ್ತೆ ಮುಚ್ಚಿದರು. ಆ ದಿನದ ಉಪದೇಶ ಅಲ್ಲಿಗೇ ಮುಗಿದಿತ್ತು ಎಂದು ಅವರಿಗೂ ಅನ್ನಿಸಿರಬೇಕು.

ಲೂರ್ದಮ್ಮ ಬಾಗಿಲ ಕಡೆ ತಿರುಗಿದಳು. ಜೋಸೆಫ ಒಳಗೆ ಬಂದಿರಲಿಲ್ಲ, ಗೇಟಿನ ಹತ್ತಿರ ನಿಂತಿದ್ದ.

"ಲೇ ಜೋಸೆಫ, ಬಾರ್ಲಾ ಇಲ್ಲಿ. ಈ ಹುಲ್ಲ ತಕ್ಕೊಂಡೋಗು. ದನಕ್ಕಾದ್ರೂ ಆಗ್ಲಿ."

ಅವನು ಬಂದ. ತಲೆ ಎತ್ತದೆ, ಚೆಲ್ಲಿದ ಹುಲ್ಲನ್ನೆಲ್ಲ ತೆಕ್ಕೆಗೆ ತುಂಬಿಕೊಂಡು ಹೊರಗೆ ಹೋದ. ನಮ್ಮೂರಿನ ನಾಲ್ಕು ವಾರದ ಒಳ್ಳೆಯತನವನ್ನು ಗಂಗಾಧರಪ್ಪನವರ ಸೀಮೆಹಸುಗಳು ಅವತ್ತು ಒಂದೇ ಹೊತ್ತಿಗೆ ತಿಂದು ಮುಗಿಸಿದವು.

ಇಷ್ಟಾದ ಮೇಲೆ ಊರು ಬದಲಾಯಿತೆಂದು ಬರೆಯಲು ನನಗೂ ಆಸೆ. ಸುಳ್ಳು ಹೇಳಲೇ? ಪೂಜೆ ಮುಗಿದ ಮೇಲೆ ಕಾಫಿ ಕುಡಿಯುತ್ತ ಎಲ್ಲರೂ ಮಾತಾಡಿದ್ದು ಪ್ಲಾಸ್ಟರಿನ ಕ್ವಾಲಿಟಿಯ ಬಗ್ಗೆ. ಹೊಸ ಕೂಸು ತರಿಸಬೇಕೋ, ಇದಕ್ಕೇ ಗಮ್ ಹಾಕಿದರೆ ಸಾಕೋ ಎಂಬ ಬಗ್ಗೆ. ಲೂರ್ದಮ್ಮನ ಸರದಿ ಕಿತ್ತುಕೊಂಡ ಬಗ್ಗೆ ಒಬ್ಬರೂ ಸೊಲ್ಲೆತ್ತಲಿಲ್ಲ. ನಮ್ಮ ಚರ್ಚಿನವರನ್ನು ಮಾತ್ರ ಬೈದು ಸುಮ್ಮನಾಗಲೇ? ಯಾವ ಬಸ್ ಸ್ಟ್ಯಾಂಡಿನಲ್ಲಾದರೂ ತಲೆ ಎತ್ತಿ ನೋಡಿ, ಫ್ಲೆಕ್ಸಿನಲ್ಲಿ ಕೈಮುಗಿದವರೆಲ್ಲ ಸಮಾಜ ಸೇವಕರು. ಕಾಲ ಕೆಟ್ಟಿದೆ ಎಂದು ಎಲ್ಲರೂ ಹೇಳುತ್ತೇವೆ. ಕೆಟ್ಟವರು ಯಾರು ಎಂದರೆ ಪಕ್ಕದ ಬೀದಿಗೆ ಬೆರಳು ತೋರಿಸುತ್ತೇವೆ. ನಮಗೆಲ್ಲ ರಕ್ಷಕನ ಹಬ್ಬ ಬೇಕು, ರಕ್ಷಕ ಬೇಡ. ಅವನು ಬೇಕೆಂದರೆ ಮುಳುಗುತ್ತಿದ್ದೇನೆ ಎಂದು ಒಪ್ಪಿಕೊಳ್ಳಬೇಕಲ್ಲ!

ಮಧ್ಯಾಹ್ನ ಲೂರ್ದಮ್ಮನ ಮನೆಗೆ ಹೋದೆ. ಈ ಸಲ ಸಮಾಧಾನ ಹೇಳಲಿಲ್ಲ. ನೋಟೀಸು ಬರೆದದ್ದು ನಾನು ಎಂದೆ. ಆಕೆ ಒಲೆಯ ಮುಂದೆ ಕೂತವಳು ತಿರುಗಿಯೂ ನೋಡಲಿಲ್ಲ.

"ಗೊತ್ತು ಕಣವ್ವ. ಅವತ್ತೇ ಜೋಸೆಫ ಓದಿ ಏಳ್ದ."

ಜೋಸೆಫ ನನ್ನ ಶಾಲೆಯಲ್ಲೇ ಓದಿದವನು. ಎಂಟನೇ ಕ್ಲಾಸಿನಲ್ಲಿ ಅವನಿಗೆ ಕನ್ನಡ ಕಲಿಸಿದ್ದು ನಾನು. ಹೊಸ್ತಿಲಲ್ಲಿ ನಿಂತಿದ್ದ. "ನಿಮ್ ಅಕ್ಷರ ನಂಗ್ ಗೊತ್ತಾಗಲ್ವಾ ಮೇಡಂ?" ಎಂದ. ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. "ನೀವ್ ಬರ್ದಿದ್ರಲ್ಲಿ ತಪ್ಪೇನೈತೆ? ನಾನ್ ಯೋಗ್ಯ ಅಲ್ಲ. ಗೋದ್ಲಿಗೆ ಒಂದ್ ಕಡ್ಡೀನೂ ಆಕಿಲ್ಲ. ಆಕಕ್ಕೆ ನನ್ ತಾವ ಏನೈತೆ ಏಳಿ?"

ಇಡೀ ಹಬ್ಬದಲ್ಲಿ ನಾನು ಕೇಳಿದ ಒಂದೇ ಒಂದು ಸರಿಯಾದ ಪ್ರಾರ್ಥನೆ ಅದು. ಅದನ್ನು ಹೇಳಿದವನನ್ನು ನಾವು ಗೇಟಿನ ಹೊರಗೆ ನಿಲ್ಲಿಸಿದ್ದೆವು. ಲೂರ್ದಮ್ಮ ಕಜ್ಜಾಯ ಕೊಟ್ಟಳು. ಅಲ್ಲೇ ಕೂತು ತಿಂದೆ.

ನಿನ್ನೆ ಪೀಟರಣ್ಣ ಫೋನ್ ಮಾಡಿದ್ದರು. ಮುಂದಿನ ವರ್ಷ ಇಂಥ ಅನಾಹುತ ಆಗಬಾರದಂತೆ. ಅದಕ್ಕೆ ಸರದಿಯನ್ನೇ ತೆಗೆದುಹಾಕಿ, ಯೋಗ್ಯ ಮನೆಗಳ ಪಟ್ಟಿ ಮಾಡಿ ಕೊಡಬೇಕಂತೆ. ನಾನೇ. ಮುದ್ದಾದ ಅಕ್ಷರದಲ್ಲಿ.

ಪೆನ್ನು ಹಿಡಿದು ಕೂತಿದ್ದೇನೆ, ಹೇಳಿ, ಆ ಪಟ್ಟಿಗೆ ಹಾಕಲು ಒಂದೇ ಒಂದು ಮನೆ ಈ ಭೂಮಿಯ ಮೇಲೆ ಇದ್ದಿದ್ದರೆ, ಆ ಕೂಸು ಹುಟ್ಟಿ ಬರುವ ಅಗತ್ಯವಾದರೂ ಏನಿತ್ತು?